ಕ್ರ್ಯಾಶ್ ಕವರ್ ಮತ್ತು ಹದಿನಾರು ಹಾಳೆ: ಹದಿನಾಲ್ಕು ತಿಂಗಳ ಕೆಲಸದ ಲೆಕ್ಕ

ಮೊನ್ನೆ ಭಾನುವಾರ ಸಂಜೆ ಅಂಚೆಚೀಟಿ ಸಂಗ್ರಾಹಕರ ಪ್ರದರ್ಶನ ಮುಗಿಯಿತು. ಹಾಳೆ ಜೋಡಿಸಿಡುವ ಚೌಕಟ್ಟಿನ, ಅಂದರೆ ಫ್ರೇಮಿನ, ಬೀಗ ತೆಗೆಸಿ, ಹದಿನಾರು ಹಾಳೆ ಎಣಿಸಿ, ಸಹಿ ಹಾಕಿ ವಾಪಸ್ ತೆಗೆದುಕೊಂಡೆವು. ಬಿದ್ದ ವಿಮಾನಗಳಿಂದ ಉಳಿದು ಬಂದ ಟಪಾಲು, ಸಂಗ್ರಾಹಕರ ಬಾಯಲ್ಲಿ 'ಕ್ರ್ಯಾಶ್ ಕವರ್', ಇದರ ಮೇಲೆ ಒಂದು ಫ್ರೇಮ್ ಕಟ್ಟಲು ಮಂಗಳೂರಿನಲ್ಲಿ ಕೂತು ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಐದು ತಿಂಗಳು ದಾರಿ ತಪ್ಪಿ ಹೋದದ್ದು. ಈ ಕಡೆ ಇನ್ನೂ ಮೂರ್ನಾಲ್ಕು ಮಂದಿ ಇದೇ ವಿಷಯ ಹಿಡಿಯುವ ಯೋಚನೆಯಲ್ಲಿದ್ದಾರೆಂದು ಕೇಳಿದೆವು. ಆ ಐದು ತಿಂಗಳು ಅವರಿಗಾದರೂ ಉಳಿಯಲಿ.

ಮೊದಲು ವಿಷಯದ ಗಡಿ. 'ವಿಮಾನ ಅಪಘಾತದ ಅಂಚೆ' ಎಂದರೆ ಸಮುದ್ರ. ಒಂದು ಫ್ರೇಮ್ ಅಂದರೆ ಎ4 ಅಳತೆಯ 16 ಹಾಳೆ ಮಾತ್ರ. ಹಾಗಾಗಿ ಯಂತ್ರ ಕೈಕೊಟ್ಟು ಆದ ಅಪಘಾತಗಳು ಮಾತ್ರ ಎಂದು ಬೇಲಿ ಹಾಕಿದೆವು. ಹಾಕುವುದು ಸುಲಭ, ಕಾಯುವುದು ಕಷ್ಟ. ಊರಲ್ಲಿ ವಿಷಯ ಹೇಳಿದಾಗಲೆಲ್ಲ ಬಂದ ಮೊದಲ ಪ್ರಶ್ನೆ "ಹಾಗಾದ್ರೆ ನಮ್ಮ ಬಜ್ಪೆಯದ್ದು ಉಂಟಾ?" 2010ರ ಮೇ 22ರಂದು ಇಲ್ಲಿನ ಬಜ್ಪೆ ವಿಮಾನ ನಿಲ್ದಾಣದ ಬಳಿ 158 ಜನ ಹೋದ ದುರಂತವನ್ನು ಈ ಊರು ಮರೆಯುವುದಿಲ್ಲ, ಪ್ರಶ್ನೆ ಸಹಜ. ಆದರೆ ತನಿಖೆ ಅಲ್ಲಿ ಹೇಳಿದ್ದು ವಿಮಾನದ ದೋಷವನ್ನಲ್ಲ. ಸರಿಯಿಲ್ಲದ ಇಳಿಯುವಿಕೆಯನ್ನು ಕ್ಯಾಪ್ಟನ್ ಕೈಬಿಡದೆ ಮುಂದುವರಿಸಿದ್ದನ್ನು. ಬೇಲಿಯ ಆಚೆಗಿನದು. ಇಂಥ 'ಇಲ್ಲ'ಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ, ಆಮೇಲೆ ಆಸೆಗೆ ಬಿದ್ದು ಸೇರಿಸುವುದು ತಪ್ಪುತ್ತದೆ.

ನಾವು ಮಾಡಿದ ದೊಡ್ಡ ತಪ್ಪು ಕೆಲಸದ ಕ್ರಮದಲ್ಲಿ. ಮೊದಲು ಕವರ್ ಕೊಳ್ಳಲು ಹೊರಟೆವು, ತನಿಖಾ ವರದಿ ಆಮೇಲೆ ಓದಿದರಾಯಿತು ಅಂದುಕೊಂಡೆವು. ಇದು ತಿರುಗಬೇಕು. ಲಕೋಟೆಯ ಮೇಲಿನ ರಬ್ಬರ್ ಮುದ್ರೆ ಹೆಚ್ಚೆಂದರೆ 'ಅಪಘಾತದಿಂದ ಉಳಿಸಿದ ಟಪಾಲು' ಎನ್ನುತ್ತದೆ, ಜಾಗ ದಿನಾಂಕ ಹೇಳುತ್ತದೆ. ವಿಮಾನ ಯಾಕೆ ಬಿತ್ತು ಎಂಬುದು ಯಾವ ಮುದ್ರೆಯಲ್ಲೂ ಇರುವುದಿಲ್ಲ. ಮುದ್ರೆ ಒತ್ತುವ ಗುಮಾಸ್ತನಿಗೆ ಅದು ಗೊತ್ತೂ ಇರುವುದಿಲ್ಲ. ತನಿಖೆ ಮುಗಿಯುವ ಹೊತ್ತಿಗೆ ಕಾಗದ ವಿಳಾಸದಾರರ ಕೈ ಸೇರಿ ಎಷ್ಟೋ ತಿಂಗಳಾಗಿರುತ್ತದೆ.

ನಮಗೆ ಬರೆ ಎಳೆದದ್ದು 1954. ಆ ವರ್ಷದ ಜನವರಿ 10ರಂದು ಬ್ರಿಟಿಷ್ ವಿಮಾನ ಕಂಪನಿ ಬಿ.ಓ.ಎ.ಸಿ.ಯ ಕಾಮೆಟ್ ಜೆಟ್ ರೋಮ್‌ನಿಂದ ಮೇಲೇರಿ ಸುಮಾರು ಇಪ್ಪತ್ತು ನಿಮಿಷದಲ್ಲಿ ಎಲ್ಬಾ ದ್ವೀಪದ ಬಳಿ ಗಾಳಿಯಲ್ಲೇ ಒಡೆದು ಸಮುದ್ರಕ್ಕೆ ಬಿತ್ತು, 35 ಸಾವು. ಹಾರಾಟ ಹೊರಟದ್ದು ಸಿಂಗಪುರದಿಂದ. ಯಂತ್ರ ದೋಷದ ಫ್ರೇಮಿಗೆ ಇದಕ್ಕಿಂತ ದೊಡ್ಡ ಅಧ್ಯಾಯ ಇಲ್ಲ. ವಿದೇಶದ ಮಾರಾಟಗಾರನೊಬ್ಬನ ಪಟ್ಟಿಯಲ್ಲಿ 'ಕಾಮೆಟ್ ಅಪಘಾತ, ಸಿಂಗಪುರ, 1954' ಎಂದು ಒಂದು ಲಕೋಟೆ ಕಂಡಿತು. ಬಿ.ಓ.ಎ.ಸಿ. ಉಂಟು, ಸಿಂಗಪುರ ಉಂಟು, 1954 ಉಂಟು. ಹಣ ಕಳಿಸಿದೆವು.

ಕವರ್ ಕೈಗೆ ಬಂದದ್ದು 41ನೇ ದಿನಕ್ಕೆ. ಹೊರದೇಶದ ಅಂಚೆ ಕಸ್ಟಮ್ಸ್‌ನಲ್ಲಿ ನಿಲ್ಲುತ್ತದೆ. ಗುರುತಿನ ಚೀಟಿ, ಬಿಲ್ಲು, ಹಣ ಕಟ್ಟಿದ ದಾಖಲೆ ಕೇಳುತ್ತಾರೆ. ನಾವು ಬಿಲ್ಲಿನ ಬದಲು ಮಾರಾಟ ಪುಟದ ಫೋಟೋ ಕಳಿಸಿದ್ದೆವು, ಅದು ತಿರಸ್ಕಾರವಾಗಿ ಎರಡು ವಾರ ವ್ಯರ್ಥ. ಮಾರುವವನಿಂದ ಸಹಿ, ದಿನಾಂಕ, ವಸ್ತುವಿನ ವಿವರ, ಬೆಲೆ ಇರುವ ಬಿಲ್ಲು ಮೊದಲೇ ತರಿಸಿಕೊಳ್ಳಿ. ವಿವರದಲ್ಲಿ 'ಹಳೆಯ ಬಳಸಿದ ಅಂಚೆ ಲಕೋಟೆ, ಸಂಗ್ರಹಕ್ಕೆ' ಎಂದು ಸ್ಪಷ್ಟ ಬರೆಯಿಸಿ. ಬರೀ 'ದಾಖಲೆ' ಎಂದಿದ್ದರೆ ಪ್ರಶ್ನೆ ಮೇಲೆ ಪ್ರಶ್ನೆ.

ಬಂದ ಲಕೋಟೆಯ ಅಂಚು ಸುಟ್ಟಿತ್ತು. ಅಂಚೆಚೀಟಿ ಆಸ್ಟ್ರೇಲಿಯದ್ದು, ಮೊಹರು ಮಾರ್ಚ್ ತಿಂಗಳದ್ದು. ಉಳಿಸಿದ ಟಪಾಲು, ವಿಮಾನ ಅಪಘಾತ, ಸಿಂಗಪುರ, 1954ರ ಮಾರ್ಚ್ 13 ಎಂಬರ್ಥದ ಮುದ್ರೆ. ಮಾರ್ಚ್! ಜನವರಿಯಲ್ಲಿ ಬಿದ್ದ ವಿಮಾನದಲ್ಲಿ ಮಾರ್ಚ್ ತಿಂಗಳ ಕಾಗದ ಇರಲು ಹೇಗೆ ಸಾಧ್ಯ ಮಾರಾಯ್ರೆ? ಅಷ್ಟೇ ಅಲ್ಲ. ಎಲ್ಬಾ ದುರಂತದ ಮರುದಿನದಿಂದ ಮಾರ್ಚ್ 23ರವರೆಗೆ ಬಿ.ಓ.ಎ.ಸಿ.ಯ ಕಾಮೆಟ್‌ಗಳು ಪ್ರಯಾಣಿಕರನ್ನು ಹೊತ್ತು ಹಾರಲೇ ಇಲ್ಲ. ಮಾರ್ಚ್ 13ರಂದು ಸಿಂಗಪುರದ ಕಲ್ಲಾಂಗ್ ನಿಲ್ದಾಣದಲ್ಲಿ ಬಿದ್ದದ್ದು ಅದೇ ಕಂಪನಿಯ ಕಾನ್‌ಸ್ಟಲೇಷನ್, ನಾಲ್ಕು ಪ್ರೊಪೆಲ್ಲರ್ ಎಂಜಿನ್‌ನ ವಿಮಾನ, ಸಿಡ್ನಿಯಿಂದ ಲಂಡನ್ನಿಗೆ ಹೊರಟಿದ್ದು. ರನ್‌ವೇ ತಲುಪುವ ಮೊದಲೇ ಕೆಳಗಿಳಿದು ಕಡಲ ಗೋಡೆಗೆ ತಾಗಿ ಉರಿಯಿತು, 33 ಸಾವು. ಅಲ್ಲಿ ಮಾತು ಬಂದದ್ದು ಪೈಲಟ್‌ನ ಅಂದಾಜು ತಪ್ಪಿದ್ದರ ಬಗ್ಗೆ, ದೀರ್ಘ ಪ್ರಯಾಣದಲ್ಲಿ ಅವರಿಗಾದ ದಣಿವಿನ ಬಗ್ಗೆ. ಎಲ್ಬಾದಲ್ಲಿ ದಣಿದದ್ದು ಲೋಹ. ನಮ್ಮ ಬೇಲಿ ಈ ಎರಡು ದಣಿವುಗಳ ನಡುವೆ ಹಾದುಹೋಗುತ್ತಿತ್ತು, ಕವರ್ ಆಚೆ ಬದಿಯದು.

ಲಕೋಟೆ ನಕಲಿಯಲ್ಲ, ವಿವರಣೆ ತಪ್ಪು. ಈ ವ್ಯತ್ಯಾಸ ಮುಖ್ಯ, ಯಾಕೆಂದರೆ ಹಣ ವಾಪಸ್ ಕೇಳುವಾಗ 'ನಕಲಿ' ಎಂದು ಬರೆದರೆ ಮಾರುವವನು ಅಸಲಿ ಎಂದು ಸಾಧಿಸಿ ಗೆಲ್ಲುತ್ತಾನೆ. 'ನೀವು ಹೇಳಿದ ಅಪಘಾತದ್ದಲ್ಲ. ಮೊಹರಿನ ದಿನಾಂಕ ನೋಡಿ' ಎಂದು ಬರೆದ ಮೇಲೆ ಒಂಬತ್ತು ದಿನಕ್ಕೆ ಹಣ ಬಂತು. ವಾಪಸ್ ಕಳಿಸುವ ಅಂಚೆ ವೆಚ್ಚ ನಮ್ಮ ತಲೆಗೆ.

ಅಂದಿನಿಂದ ಯಾವ ಕವರ್ ಕಂಡರೂ ಮೂರು ದಿನಾಂಕ ಒಂದು ಸಾಲಿನಲ್ಲಿ ಬರೆದು ನೋಡುವ ಅಭ್ಯಾಸವಾಯಿತು: ಹೊರಟ ಊರಿನ ಮೊಹರು, ಅಪಘಾತದ ದಿನ, ತಲುಪಿದ ಊರಿನ ಮೊಹರು. ಮೊದಲನೆಯದು ಎರಡನೆಯದಕ್ಕಿಂತ ಮುಂಚೆ ಇರಬೇಕು, ಆದರೆ ತೀರಾ ಮುಂಚೆ ಅಲ್ಲ. ಆ ಊರಿನ ಟಪಾಲು ಆ ವಿಮಾನ ಸೇರಲು ಎಷ್ಟು ದಿನ ಬೇಕೋ ಅಷ್ಟೇ. ಮೂರನೆಯದು ಮಾಮೂಲಿಗಿಂತ ತಡವಾಗಿರಬೇಕು. ಸಮಯಕ್ಕೆ ಸರಿಯಾಗಿ ತಲುಪಿದ ಕ್ರ್ಯಾಶ್ ಕವರ್ ಕಂಡರೆ ಕೈ ಜೇಬಿಗೆ ಹೋಗದಿರಲಿ.

ಗಾಯ ಕೂಡ ಹೊಂದಬೇಕು. ಸಮುದ್ರಕ್ಕೆ ಬಿದ್ದ ವಿಮಾನದ ಟಪಾಲಿನಲ್ಲಿ ಅಂಟು ಕರಗಿ ಅಂಚೆಚೀಟಿ ಕಳಚಿ ಹೋಗಿರುವುದೇ ಸಹಜ. ಚೀಟಿಯಿದ್ದ ಜಾಗದಲ್ಲಿ ಕಾಗದ ಸ್ವಲ್ಪ ತಿಳಿ ಬಣ್ಣ, ಮೊಹರಿನ ಅರ್ಧ ವೃತ್ತ ಮಾತ್ರ ಲಕೋಟೆಯ ಮೇಲೆ, ಶಾಯಿ ಹರಡಿದ ಗುರುತು ಹಿಂಬದಿಗೂ ಇಳಿದಿರುತ್ತದೆ. ಚೀಟಿ ಗಟ್ಟಿಯಾಗಿ ಕೂತಿದ್ದರೆ ಆಮೇಲೆ ಯಾರೋ ಅಂಟಿಸಿದ್ದಾರೋ ಎಂದು ಅನುಮಾನಿಸಿ. ಬೆಂಕಿಯಾದರೆ ಟಪಾಲು ಕಟ್ಟುಕಟ್ಟಾಗಿ ಇದ್ದುದರಿಂದ ಸುಡುವುದು ಕಟ್ಟಿನ ಹೊರ ಅಂಚು; ಲಕೋಟೆಯ ಒಂದೋ ಎರಡೋ ಬದಿ ಕಂದಿ ನಡುಭಾಗ ಚೆನ್ನಾಗಿರುತ್ತದೆ. ನಡುವೆ ಮಾತ್ರ ಸುಟ್ಟ ತೂತಿದ್ದರೆ ಅದು ಹೆಚ್ಚಾಗಿ ಊದುಬತ್ತಿಯ ಕೆಲಸ.

ಕಾಗದದ ವಯಸ್ಸಿಗೆ ಸುಲಭ ಪರೀಕ್ಷೆ 365 ನ್ಯಾನೋಮೀಟರ್‌ನ ಯು.ವಿ. ಟಾರ್ಚ್. ಅಗ್ಗದ 395ರ ಟಾರ್ಚ್ ನೇರಳೆ ಬೆಳಕನ್ನೇ ಚೆಲ್ಲಿ ಕಣ್ಣು ಕಟ್ಟುತ್ತದೆ, ಬೇಡ. ಕತ್ತಲೆ ಕೋಣೆಯಲ್ಲಿ ಹಿಡಿದರೆ ಈಗಿನ ಬಿಳಿ ಕಾಗದ ನೀಲಿಯಾಗಿ ಹೊಳೆಯುತ್ತದೆ, ಬಿಳುಪು ಕೊಡುವ ರಾಸಾಯನಿಕದಿಂದ. 1930ರ ದಶಕದ ಲಕೋಟೆ ಹಾಗೆ ಹೊಳೆಯಬಾರದು. ಪಕ್ಕದಲ್ಲಿ ಹೊಸ ಪ್ರಿಂಟರ್ ಹಾಳೆಯೊಂದನ್ನು ಇಟ್ಟುಕೊಂಡರೆ ಹೋಲಿಕೆಗೆ ಅನುಕೂಲ. ಹರಿದ ಕಡೆ ಹಿಂದಿನಿಂದ ಹಾಕಿದ ತೇಪೆ, ಗೋಂದು ಕೂಡ ಇದರಲ್ಲಿ ಕಾಣುತ್ತದೆ. ಅಂಚೆ ಇಲಾಖೆಯೇ ಹಾನಿಯಾದ ಕಾಗದವನ್ನು ಇನ್ನೊಂದು ಲಕೋಟೆಗೆ ಹಾಕಿ ಕಳಿಸುತ್ತಿತ್ತು, ಅದಕ್ಕೆ 'ಆಂಬ್ಯುಲೆನ್ಸ್ ಕವರ್' ಎಂದು ಹೆಸರು. ಒಳಗಿನ ಕಾಗದ, ಹೊರಗಿನ ಲಕೋಟೆ, ಕ್ಷಮೆ ಕೇಳುವ ಚೀಟಿ ಮೂರೂ ಒಟ್ಟಿಗೆ ಸಿಕ್ಕರೆ ಬೆಲೆ ಹೆಚ್ಚು. ಅವು ಮೂರೂ ಒಂದೇ ಕಾಗದಕ್ಕೆ ಸೇರಿದ್ದೋ ಎಂದು ಮಡಿಕೆಯ ಗೆರೆ, ಕಲೆಗಳ ಜಾಗ ಹೊಂದಿಸಿ ನೋಡಿ.

ವರದಿ ಓದುವ ಕೆಲಸಕ್ಕೆ ಎರಡು ತಿಂಗಳು ಹೋಯಿತು. ಬೇಸರದ ಕೆಲಸ ಅಂದುಕೊಂಡಿದ್ದೆವು, ಕೊನೆಗೆ ಫ್ರೇಮಿನಲ್ಲಿ ಜನ ನಿಂತು ಓದಿದ್ದು ಅದನ್ನೇ. ಕಾಮೆಟ್ ಹಾಳೆಯಲ್ಲಿ ಹೀಗೆ ಬರೆದೆವು: ಎತ್ತರದಲ್ಲಿ ಹಾರುವಾಗ ಕ್ಯಾಬಿನ್ ಒಳಗೆ ಗಾಳಿಯ ಒತ್ತಡ ತುಂಬಬೇಕು, ಇಳಿದಾಗ ಬಿಡಬೇಕು. ಪ್ರತಿ ಹಾರಾಟಕ್ಕೂ ಮೈ ಒಮ್ಮೆ ಉಬ್ಬಿ ಒಮ್ಮೆ ಇಳಿಯುತ್ತದೆ. ತಂತಿಯನ್ನು ಅತ್ತಿತ್ತ ಬಾಗಿಸುತ್ತ ಹೋದರೆ ತುಂಡಾಗುವ ಹಾಗೆ, ಕಿಟಕಿಯಂಥ ತೆರಪಿನ ಮೂಲೆಯ ರಿವೆಟ್ ತೂತಿನಿಂದ ಬಿರುಕು ಹುಟ್ಟಿ ಬೆಳೆಯುತ್ತದೆ. ಇದನ್ನು ಸಾಬೀತು ಮಾಡಲು ಇಂಗ್ಲೆಂಡಿನ ಫಾರ್ನ್‌ಬರೊ ವಿಮಾನ ಸಂಶೋಧನಾ ಕೇಂದ್ರದಲ್ಲಿ ಇನ್ನೊಂದು ಕಾಮೆಟ್‌ನ ಮೈಯನ್ನೇ ನೀರಿನ ತೊಟ್ಟಿಯಲ್ಲಿಟ್ಟು ಒಳಗೆ ನೀರು ತುಂಬಿ ಒತ್ತಡ ಏರಿಸಿ ಇಳಿಸಿದರು. ಗಾಳಿ ತುಂಬಿದ್ದರೆ ಬಿರುಕು ಬಿಟ್ಟ ಕ್ಷಣ ಬಾಂಬಿನಂತೆ ಸಿಡಿದು ಪುರಾವೆಯೇ ಚೂರಾಗುತ್ತಿತ್ತು. ನೀರು ಹೆಚ್ಚು ಕುಗ್ಗುವುದಿಲ್ಲ, ಆದ್ದರಿಂದ ಒಡೆದ ಜಾಗ ಹಾಗೇ ಉಳಿಯುತ್ತದೆ. ಆ ವಿಮಾನ ಮೊದಲು ಹಾರಿದ್ದು 1,221 ಸಲ, ತೊಟ್ಟಿಯಲ್ಲಿ 1,836 ಸಲ, ಒಟ್ಟು 3,057ಕ್ಕೆ ಒಡೆಯಿತು. ಎಲ್ಬಾ ಬಳಿ ಬಿದ್ದದ್ದು ಅದಕ್ಕಿಂತಲೂ ಬೇಗ, 1,290ನೇ ಹಾರಾಟದ ಹೊತ್ತಿಗೆ.

ಭಾರತದ ಹಾಳೆಗಳು ಬೇರೆ ತರಹದ ತೊಂದರೆ ಕೊಟ್ಟವು. ನಮ್ಮ ಕಡೆಗೆ ನಿಜವಾಗಿ ಸಂಬಂಧಪಟ್ಟದ್ದು ನಾಗಪುರದ ರಾತ್ರಿ ಟಪಾಲು. 1949ರ ಜನವರಿ 30ರಿಂದ ದೆಹಲಿ, ಮುಂಬೈ, ಕಲ್ಕತ್ತ, ಮದ್ರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಚೀಲ ಬದಲಾಯಿಸಿಕೊಂಡು, ಬೆಳಗಾಗುವುದರೊಳಗೆ ತಮ್ಮ ಊರಿಗೆ ಮರಳುತ್ತಿದ್ದವು. ದೆಹಲಿಯಿಂದ ಮಂಗಳೂರಿಗೆ ಬರೆದ ಕಾಗದ ಮದ್ರಾಸಿನ ಚೀಲಕ್ಕೆ ಬಿದ್ದರೆ ಅಲ್ಲಿಂದ ರೈಲು ಹತ್ತಿ ಬರಬೇಕು. 1953ರ ಡಿಸೆಂಬರ್ 12ರಂದು ನಾಗಪುರದಿಂದ ಮದ್ರಾಸಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್‌ನ ಡಕೋಟಾ ಮೇಲೇರಿದ ಸ್ವಲ್ಪದರಲ್ಲೇ ಒಂದು ಎಂಜಿನ್‌ನ ಶಕ್ತಿ ಕಳೆದುಕೊಂಡು ಬಿತ್ತು. 14 ಮಂದಿಯಲ್ಲಿ ಬದುಕಿದ್ದು ಕ್ಯಾಪ್ಟನ್ ಒಬ್ಬರೇ.

ಡಕೋಟಾ ಒಂದೇ ಎಂಜಿನ್‌ನಲ್ಲೂ ಹಾರಬಲ್ಲದು, ಮತ್ಯಾಕೆ ಬಿತ್ತು ಎಂದು ಪ್ರದರ್ಶನದಲ್ಲಿ ಬಹಳ ಜನ ಕೇಳಿದರು. ಎತ್ತರದಲ್ಲಿ, ವೇಗ ಇರುವಾಗ ಹಾರಬಲ್ಲದು. ನೆಲ ಬಿಟ್ಟ ಮೊದಲ ಕ್ಷಣಗಳಲ್ಲಿ ಎರಡೂ ಇರುವುದಿಲ್ಲ. ಸತ್ತ ಎಂಜಿನ್‌ನ ಪ್ರೊಪೆಲ್ಲರ್ ಗಾಳಿಗೆ ತಾನೇ ತಿರುಗುತ್ತ ಹಿಂದಕ್ಕೆ ಎಳೆಯುತ್ತದೆ. ಅದರ ಅಲಗುಗಳ ಅಂಚನ್ನು ಗಾಳಿಗೆ ಕೊಟ್ಟು ನಿಲ್ಲಿಸಬೇಕು, ಅದೇ ಫೆದರಿಂಗ್. ಚಕ್ರ ಮೇಲೆಳೆಯಬೇಕು. ಬದುಕಿರುವ ಎಂಜಿನ್ ವಿಮಾನವನ್ನು ಸತ್ತ ಕಡೆಗೆ ತಿರುಗಿಸುವುದನ್ನು ರಡ್ಡರ್ ಒತ್ತಿ ತಡೆಯಬೇಕು. ಇದೆಲ್ಲ ಕೆಲವೇ ಸೆಕೆಂಡಿನಲ್ಲಿ, ಅದೂ ಕತ್ತಲಲ್ಲಿ.

ಈ ಅಪಘಾತದ ಕವರ್ ನಮಗೆ ಸಿಗಲಿಲ್ಲ. ಹೊಸಬರು ಇಲ್ಲಿ ಎಡವುತ್ತಾರೆ: ಹಾಳೆ ಖಾಲಿ ಬಿಡಬಾರದೆಂದು ಏನೋ ಒಂದನ್ನು ಕೂರಿಸುತ್ತಾರೆ. ನಾವು ಅದೇ ಕಾಲದ, ಅದೇ ರಾತ್ರಿ ಸೇವೆಯಲ್ಲಿ ಸುರಕ್ಷಿತವಾಗಿ ಬಂದ ಮಾಮೂಲಿ ಲಕೋಟೆ ಇಟ್ಟು, 'ಇದು ಅಪಘಾತದ ಟಪಾಲಲ್ಲ, ಇದೇ ದಾರಿಯ ಸಾಧಾರಣ ಕಾಗದ' ಎಂದು ಬರೆದೆವು. ಬೆಲೆ ಕೆಲವೇ ನೂರು ರೂಪಾಯಿ. ಜ್ಯೂರಿ ಆ ಸಾಲನ್ನು ಮೆಚ್ಚಿಕೊಂಡರು.

ಬಳ್ಳಾರಿಯನ್ನು ಬಿಡಲು ಮನಸ್ಸಾಗಲಿಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ತಂದ ಟಪಾಲನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. ಆ ವಿಮಾನಕ್ಕೆ ಏನೂ ಆಗಲಿಲ್ಲ. ಆದರೆ ಅದು ಪುಸ್ ಮಾತ್ ಜಾತಿಯದು, ಆ ಜಾತಿಯ ಹಲವು ವಿಮಾನಗಳ ರೆಕ್ಕೆ ಆಕಾಶದಲ್ಲೇ ಕಳಚಿದ್ದುಂಟು. ರೆಕ್ಕೆಗೆ ಆಸರೆಯಾದ ಓರೆ ಕಂಬಕ್ಕೆ ಇನ್ನೊಂದು ಚಿಕ್ಕ ಅಡ್ಡಕಂಬ ಕೊಟ್ಟು ಬಿಗಿ ಮಾಡಿದ್ದು ಆಮೇಲೆ. ಮೊದಲ ಹಾರಾಟದ ಕವರ್‌ನ ಕೆಳಗೆ ಕಂಬದ ರೇಖಾಚಿತ್ರ ಬರೆದು ಒಂದೇ ಹಾಳೆಯಲ್ಲಿ ಮುಗಿಸಿದೆವು.

ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರಕ್ಕೆ ವಿಮಾನ ಬಡಿದದ್ದು ಬೇಲಿಯ ಮೇಲೆಯೇ ಕೂತ ವಿಷಯ. 1966ರ ಜನವರಿ 24ರಂದು ಹೋಮಿ ಭಾಭಾ ಸೇರಿ 117 ಜನ ಹೋದ ಏರ್ ಇಂಡಿಯಾ ಬೋಯಿಂಗ್ 707 'ಕಾಂಚನಜುಂಗಾ'ದಲ್ಲಿ ದಿಕ್ಕು ತೋರಿಸುವ ಎರಡು ವಿ.ಓ.ಆರ್. ಉಪಕರಣಗಳಲ್ಲಿ ಒಂದು ಕೆಟ್ಟಿತ್ತು, ಬೈರೂತ್ ಬಿಡುವಾಗಲೇ ಗೊತ್ತಿತ್ತು. ಆದರೆ ಬಿದ್ದದ್ದು ತಾನೆಲ್ಲಿದ್ದೇನೆ ಎಂಬ ಪೈಲಟ್‌ನ ತಪ್ಪು ಲೆಕ್ಕದಿಂದ ಮತ್ತು ನಿಯಂತ್ರಕರ ಮಾತು ಸ್ಪಷ್ಟವಾಗಿ ಅರ್ಥವಾಗದೆ. ಕೆಟ್ಟ ಉಪಕರಣ ಹಿನ್ನೆಲೆಯಲ್ಲಿತ್ತು, ಅಷ್ಟೆ. 'ಯಂತ್ರ ದೋಷದ ಪಾಲು' ಎಂಬ ತಲೆಬರಹದಲ್ಲಿ ಒಂದು ಹಾಳೆ ಕೊಟ್ಟೆವು, ಬರೀ ನಕ್ಷೆ ಮತ್ತು ಪಠ್ಯ. 2012ರಲ್ಲಿ ಅಲ್ಲಿನ ಹಿಮನದಿಯಲ್ಲಿ ಸಿಕ್ಕ ರಾಜತಾಂತ್ರಿಕ ಟಪಾಲು ಚೀಲವನ್ನು ಭಾರತದ ರಾಯಭಾರ ಕಚೇರಿಗೆ ಒಪ್ಪಿಸಿದ್ದರು. 'ಹಿಮನದಿಯಲ್ಲಿ ಸಿಕ್ಕದ್ದು' ಎಂದು ಯಾರಾದರೂ ಕಾಗದ ಮಾರಲು ಬಂದರೆ ಅದು ಅವರ ಕೈಗೆ ಹೇಗೆ ಬಂತು ಎಂದು ಬರಹದಲ್ಲಿ ಕೇಳಿ. ನಾವು ಕೇಳಿದ ಮೇಲೆ ಒಬ್ಬನಿಂದ ಉತ್ತರವೇ ಬರಲಿಲ್ಲ.

ಈ ನಡುವೆ ಜೂನ್ ಬಂತು. ಕರಾವಳಿಯಲ್ಲಿ ಹಳೆಯ ಕಾಗದ ಇಟ್ಟುಕೊಳ್ಳುವವರಿಗೆ ಅಪಘಾತಕ್ಕಿಂತ ದೊಡ್ಡ ಶತ್ರು ಮಳೆಗಾಲ. ಒಮ್ಮೆ ಸಮುದ್ರದ ನೀರು ಕುಡಿದ ಕಾಗದದಲ್ಲಿ ಉಪ್ಪು ಉಳಿದಿರುತ್ತದೆ, ಉಪ್ಪು ಗಾಳಿಯ ತೇವವನ್ನು ಎಳೆಯುತ್ತದೆ. ಬೇರೆ ಲಕೋಟೆ ಚೆನ್ನಾಗಿದ್ದರೂ ಇದು ಮೊದಲು ಬೂಸ್ಟು ಹಿಡಿಯುತ್ತದೆ. ನಾವು ಮಾಡಿದ್ದು ಇಷ್ಟು: ರಬ್ಬರ್ ಅಂಚಿರುವ ಹತ್ತು ಲೀಟರ್ ಡಬ್ಬ, ಒಳಗೆ ಸುಮಾರು 100 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ, ಜತೆಗೆ ಪುಟ್ಟ ತೇವಮಾಪಕ. ಮಾಪಕ 45ರಿಂದ 55ರ ಒಳಗಿರಬೇಕು; 60 ದಾಟಿದರೆ ಜೆಲ್ ಬದಲಿಸಿ. ತುಂಬ ಒಣಗಿಸುವುದೂ ತಪ್ಪು, ಸುಟ್ಟ ಅಂಚು ಪುಡಿಯಾಗಿ ಉದುರುತ್ತದೆ. ಜೆಲ್ ಹಸಿರಾದಾಗ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆ. ನೀಲಿ ಜೆಲ್ ಅಗ್ಗ, ಆದರೆ ಅದರಲ್ಲಿ ಕೋಬಾಲ್ಟ್ ಲವಣ ಇರುತ್ತದೆ. ಅಡುಗೆಯ ಓವನ್‌ಗೆ ಹಾಕಬೇಡಿ. ಜುಲೈಯಲ್ಲಿ ಆರು ಸಲ ಬದಲಿಸಿದೆವು.

ಲಕೋಟೆಗೆ ಪಾಲಿಯೆಸ್ಟರ್ ಕವಚ ಮಾತ್ರ. ಸ್ಟೇಷನರಿ ಅಂಗಡಿಯ ಮೆದು ಪಿ.ವಿ.ಸಿ. ಫೋಲ್ಡರ್ ಕೆಲವೇ ವರ್ಷಕ್ಕೆ ಜಿಗುಟಾಗಿ ಶಾಯಿಯನ್ನು ತನಗೆ ಅಂಟಿಸಿಕೊಳ್ಳುತ್ತದೆ. ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಸುಟ್ಟ ಲಕೋಟೆ ನೋಡಿ "ಲ್ಯಾಮಿನೇಷನ್ ಮಾಡಿಕೊಡ್ತೇನೆ ಸರ್, ಗಟ್ಟಿ ನಿಲ್ತದೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮಾಡಿಸಿದ್ದರೆ ಅಲ್ಲಿಗೆ ಕವರ್ ಮುಗಿಯುತ್ತಿತ್ತು. ಬಿಸಿಗೆ ಕರಗಿದ ಆ ಅಂಟನ್ನು ತೆಗೆಯುವ ದಾರಿಯಿಲ್ಲ. ಹಳೆಯ ಸೆಲ್ಲೋಟೇಪ್ ಕಂಡರೂ ಎಳೆಯಬೇಡಿ, ಹಾಗೇ ಬಿಡಿ.

ಹಾಳೆ ತಯಾರಿ ಡಿಸೆಂಬರ್‌ಗೆ ಇಟ್ಟುಕೊಂಡೆವು, ಗಾಳಿ ಒಣಗಿದ ಮೇಲೆ. ಆಮ್ಲರಹಿತ 160 ಜಿ.ಎಸ್.ಎಂ. ಕಾಗದ, ಅದಕ್ಕಿಂತ ದಪ್ಪವಾದರೆ ಮಾಮೂಲಿ ಇಂಕ್‌ಜೆಟ್ ಪ್ರಿಂಟರ್ ಬಾಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಲಕೋಟೆಯನ್ನು ಮೂಲೆಗಳಿಂದ ಹಿಡಿಸುವ ಪಾರದರ್ಶಕ ತ್ರಿಕೋನ ಸಾಕು, ಗೋಂದು ಬೇಡವೇ ಬೇಡ. ಲಕೋಟೆಯ ಹಿಂಬದಿಯ ಮೊಹರು ತೋರಿಸಲು ಬಣ್ಣದ ನಕಲು ಹಾಕುವುದಾದರೆ ಅದರ ಅಳತೆ ಅಸಲಿಗಿಂತ ಕನಿಷ್ಠ ನೂರಕ್ಕೆ 25ರಷ್ಟು ಬೇರೆಯಿರಬೇಕೆಂಬ ನಿಯಮ ಉಂಟು; ನಾವು 70ಕ್ಕೆ ಇಳಿಸಿದೆವು. ಎರಡು ಹಾಳೆ ಇದನ್ನು ಮರೆತು ಮುದ್ರಿಸಿ ಮತ್ತೆ ಮಾಡಿದ್ದೂ ಆಯಿತು. ಲಕೋಟೆಯ ಮೇಲಿನ ಹೆಸರು ವಿಳಾಸ ಫ್ರೇಮಿನಲ್ಲಿ ಇರಲಿ, ಫೋಟೋ ಹಂಚಿಕೊಳ್ಳುವಾಗ ಮಸುಕು ಮಾಡಿ. ಮನೆಯವರು ಇನ್ನೂ ಅದೇ ಊರಲ್ಲಿರಬಹುದು.

ಅಂಕ ಹೇಗೆ ಕೊಡುತ್ತಾರೆಂದು ಮೊದಲೇ ತಿಳಿದಿದ್ದರೆ ಅಲಂಕಾರಕ್ಕೆ ಸುರಿದ ಎರಡು ವಾರ ಉಳಿಯುತ್ತಿತ್ತು. ಅಂತಾರಾಷ್ಟ್ರೀಯ ಪದ್ಧತಿಯಲ್ಲಿ ನೂರರಲ್ಲಿ ಜ್ಞಾನ ಮತ್ತು ಸಂಶೋಧನೆಗೆ 35, ನಿರೂಪಣೆಯ ಕ್ರಮ ಮತ್ತು ವಿಷಯದ ಮಹತ್ವಕ್ಕೆ 30, ಅಪರೂಪ ಮತ್ತು ಸ್ಥಿತಿಗೆ 30. ಅಂದಕ್ಕೆ 5, ಅಷ್ಟೇ. ಬಣ್ಣದ ಅಂಚುಪಟ್ಟಿ, ವಿಮಾನದ ಚಿತ್ರ ಎಲ್ಲ ಸೇರಿ ಐದರೊಳಗೆ.

ಖರ್ಚು: ಕವರ್‌ಗಳಿಗೆ 23,400, ಸುಂಕ ಮತ್ತು ಅಂಚೆಗೆ 4,150, ಟಾರ್ಚ್, ಕವಚ, ಜೆಲ್, ಡಬ್ಬಕ್ಕೆ 3,600, ಕಾಗದ ಮತ್ತು ಶಾಯಿಗೆ 1,900 ರೂಪಾಯಿ. ಅರ್ಧ ಭಾಗ ಎರಡೇ ಕವರ್‌ಗೆ ಹೋದದ್ದು. ಕಡಿಮೆಯಲ್ಲೂ ಆಗುತ್ತದೆ; ಸಾಧಾರಣ ಕವರ್ ಮತ್ತು ಗಟ್ಟಿ ಪಠ್ಯವಿರುವ ಹಾಳೆಗಳೇ ನಮಗೆ ಹೆಚ್ಚು ಅಂಕ ತಂದವು.

ಜ್ಯೂರಿ ದಿನ ಹತ್ತು ನಿಮಿಷ ಸಿಕ್ಕಿತು. ಪೆಟ್ಟು ಬಿದ್ದದ್ದು ಹನ್ನೆರಡನೇ ಹಾಳೆಗೆ. 1935ರ ಡಿಸೆಂಬರ್ 31ರಂದು ಇಂಪೀರಿಯಲ್ ಏರ್‌ವೇಸ್‌ನ ಹಾರುವ ದೋಣಿ (ನೀರಿನ ಮೇಲೆ ಇಳಿಯುವ ವಿಮಾನ) 'ಸಿಟಿ ಆಫ್ ಖಾರ್ತೂಮ್' ಅಲೆಕ್ಸಾಂಡ್ರಿಯಾ ತಲುಪುವ ಮುನ್ನ ಮೂರೂ ಎಂಜಿನ್ ನಿಂತು ಸಮುದ್ರಕ್ಕೆ ಬಿತ್ತು, ಪೈಲಟ್ ಒಬ್ಬರನ್ನು ಬಿಟ್ಟು 12 ಸಾವು. ನಾವು 'ಎಂಜಿನ್ ವೈಫಲ್ಯ' ಎಂದು ಬರೆದಿದ್ದೆವು. ಹಿರಿಯ ಜ್ಯೂರಿಯೊಬ್ಬರು ಕನ್ನಡಕ ಏರಿಸಿ, "ಮೂರು ಎಂಜಿನ್ ಒಟ್ಟಿಗೇ ಕೆಡ್ತದಾ? ಇಂಧನ ಬರದಿದ್ರೆ ಎಂಜಿನ್ ನಿಲ್ತದೆ, ಅದು ಎಂಜಿನ್‌ನ ತಪ್ಪಾ?" ಎಂದರು. ಉತ್ತರ ಇರಲಿಲ್ಲ. ಒಂದು ಕೆಟ್ಟರೆ ಯಂತ್ರ, ಮೂರೂ ಒಟ್ಟಿಗೆ ನಿಂತರೆ ಮೂರಕ್ಕೂ ಸಮಾನವಾದದ್ದನ್ನು ಹುಡುಕಬೇಕಿತ್ತು, ಅಂದರೆ ಇಂಧನ. ಬೇರೆಯವರ ವಿವರಣೆಯಲ್ಲಿ ತಪ್ಪು ಹುಡುಕಿದ ನಾವೇ ಇಲ್ಲಿ ಮುಗ್ಗರಿಸಿದ್ದೆವು. ಬೆಳ್ಳಿಗಿಂತ ಒಂದು ಮೆಟ್ಟಿಲು ಕೆಳಗಿನ 'ಬೆಳ್ಳಿ ಕಂಚು' ಪದಕ ಬಂತು. ಆ ಹಾಳೆ ಸರಿಯಿದ್ದರೆ ಬೆಳ್ಳಿ ಆಗುತ್ತಿತ್ತೆಂದು ಆಮೇಲೆ ಅವರೇ ಹೇಳಿದರು.

ಹನ್ನೆರಡನೇ ಹಾಳೆಯ ತಲೆಬರಹ 'ಇಂಧನ ಪೂರೈಕೆ ನಿಂತದ್ದು' ಎಂದು ಬದಲಾಗಿ ನಿನ್ನೆ ಮುದ್ರಣವಾಯಿತು. ಉಳಿದ ಹದಿನೈದು ಡಬ್ಬದಲ್ಲಿವೆ, ಮಾಪಕ 52 ತೋರಿಸುತ್ತಿದೆ.